ಅವ್ವ ನೀರು ಹೊತ್ತ ಮಾಳಿಗೆ

ನಮ್ಮ ಅವ್ವ ಗುರುಬಸವ್ವನಿಗೆ ಸಂಪಗಾಂವದಲ್ಲಿ ದೊಡ್ಡ ಹೆಸರಿತ್ತು. ಯಾರ ಮನೆಗೇ ಹೋಗಲಿ, ಕುಂದ್ರುವ ಮೊದಲು ತಲೆ ಎತ್ತಿ ಜಂತಿ ನೋಡುತ್ತಿದ್ದಳು. ನೋಡಿ, "ಈ ವರ್ಷ ನಿಮ್ಮ ಒಲಿ ಮ್ಯಾಲ ಸೋರತೈತಿ ನೋಡವಾ" ಎಂದರೆ ಸೋರಿಯೇ ತೀರುತ್ತಿತ್ತು. ಸೋರುವ ಮನೆಯವರು ಮಳೆಗಾಲಕ್ಕೆ ಮುಂಚೆ ಅವಳನ್ನು ಕರೆದೊಯ್ದು ಚಹಾ ಕೊಟ್ಟು ಮಾಳಿಗೆ ತೋರಿಸುತ್ತಿದ್ದರು. ನಾನು ಸಾಲೆಯಲ್ಲಿ ಇಪ್ಪತ್ತು ವರ್ಷ ಕಲಿಸಿದರೂ ಊರಲ್ಲಿ ನನ್ನನ್ನು ಗುರುಬಸವ್ವನ ಮಗ ಎಂದೇ ಗುರುತಿಸುತ್ತಿದ್ದರು. ಇದರ ಬಗ್ಗೆ ನನಗೆ ಸ್ವಲ್ಪ ಅಸಮಾಧಾನ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಆಗ ನಮ್ಮ ಕಡೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು. ಸಾಲಾಗಿ ಜಂತಿ, ಅದರ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಮೊಳ ದಪ್ಪ ಮಣ್ಣು. ಜೂನ್ ಮೊದಲಿಗೆ ಬರುವ ಮಿರಗಾ ಮಳೆಗೆ ಮುಂಚೆ ಹಳ್ಳದ ದಂಡೆಯಿಂದ ಸವಳು ಮಣ್ಣು ತಂದು ಮೇಲೆ ಹರವಬೇಕು. ನೀರಿಗೆ ಸವಳು ಮೇಣದಂತೆ ಬಿಗಿಯುತ್ತದೆ. ಬಿಗಿದರೂ ಎಲ್ಲೋ ಒಂದು ಕಡೆ ಇಲಿ ತೂತು ಮಾಡಿರುತ್ತದೆ. ಮಳೆ ಹತ್ತಿತು ಎಂದರೆ ಅವ್ವ ತಲೆ ಮೇಲೆ ಗೋಣಿಚೀಲ ಹೊದ್ದು ನಿಚ್ಚಣಿಕೆ ಏರಿದಳೆಂದೇ ಲೆಕ್ಕ. ಎಲ್ಲಿ ನೀರು ನಿಂತಿದೆಯೋ ಅಲ್ಲಿಂದ ನೀರು ಹೊರಬೀಳುವ ಹರನಾಳಿಗೆಯ ಕಡೆಗೆ ಕಾಲಿನಿಂದ ದಬ್ಬುವುದು, ತೂತು ಕಂಡಲ್ಲಿ ಹಿಮ್ಮಡಿಯಿಂದ ತುಳಿಯುವುದು. ಕೆಳಗೆ ಹನ್ನೊಂದು ಪಾತ್ರೆಗಳು ತಮ್ಮ ತಮ್ಮ ಜಾಗದಲ್ಲಿ ಕುಳಿತಿರುತ್ತಿದ್ದವು: ಎರಡು ಬೋಗುಣಿ, ಅಗಲ ತಟ್ಟೆಯಂಥ ಪರಾತ, ತಪೇಲಿ, ಗಂಗಾಳ, ಹೀಗೆ. ಯಾವ ಹನಿಗೆ ಯಾವ ಪಾತ್ರೆ ಎಂಬುದು ಅವಳಿಗೆ ಬಾಯಿಪಾಠ. ಮಳೆ ಬೀಳುತ್ತಿರುವಾಗ ನಮ್ಮ ಅವ್ವ ಕಣ್ಣು ಮುಚ್ಚಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಆ ಮಾಳಿಗೆ ನನ್ನ ಹೆಂಡತಿ ತಂಗೆವ್ವನಿಗೆ ಹಿಡಿಸಲಿಲ್ಲ. ಹಿಡಿಸಲಿಲ್ಲ ಎಂದರೆ ಮನಸ್ಸಿಗಲ್ಲ, ಎದೆಗೆ. ಅವಳು ರಾಮದುರ್ಗದ ಕಡೆಯ ಕಟಕೋಳದವಳು. ಅಲ್ಲಿ ಮಳೆ ಕಡಿಮೆ, ಅವರ ಮನೆಗೆ ಮೇಲೆ ಹಾಸುಗಲ್ಲು. ನಮ್ಮಲ್ಲಿ ಬೇಸಿಗೆಯಲ್ಲಿ ಜಂತಿಯ ಸಂದಿನಿಂದ ಧೂಳು ಉದುರುತ್ತಿತ್ತು, ಮಳೆಗಾಲದಲ್ಲಿ ಗೋಡೆಗೆ ತಂಪು ಹತ್ತಿ ಬೂಸ್ಟು ಬರುತ್ತಿತ್ತು. ಅವಳಿಗೆ ದಮ್ಮು ಹತ್ತಿತು. ಮೋಡ ಕಟ್ಟುವುದು ಆಕಾಶಕ್ಕಿಂತ ಮೊದಲು ಅವಳ ಎದೆಯಲ್ಲಿ ಗೊತ್ತಾಗುತ್ತಿತ್ತು. ಎಪ್ಪತ್ತೈದನೆಯ ಇಸವಿಯ ಆಶ್ಲೇಷ ಮಳೆಯಲ್ಲಿ ಒಂದು ದಿನ ಉಗುರು ನೀಲಿ ತಿರುಗಿ, ಚಕ್ಕಡಿಯಲ್ಲಿ ಹಾಕಿಕೊಂಡು ಬೈಲಹೊಂಗಲಕ್ಕೆ ಓಡಿದೆವು. ಅಲ್ಲಿಯ ಡಾಕ್ಟರು ಸೂಜಿ ಚುಚ್ಚಿ ಉಳಿಸಿದರು. ಆಮೇಲೆ, "ಮಾಸ್ತರ, ಅರ್ಧಾ ಔಷಧ ನನ್ನ ಕಡೆ ಐತಿ, ಇನ್ನರ್ಧಾ ನಿಮ್ಮ ಮನಿ ಮಾಳಿಗ್ಯಾಗ ಐತಿ. ಆ ಮಣ್ಣ ತಗೀರಿ" ಎಂದರು.

ಸುದ್ದಿ ಕೇಳಿ ನನ್ನ ಮಾವ ಸೋಮಪ್ಪ ಬಂದರು. ಮಾತು ಕಡಿಮೆಯ ಮನುಷ್ಯ. ಮಗಳ ಟ್ರಂಕನ್ನು ತಾವೇ ಎತ್ತಿ ಹೆಗಲ ಮೇಲೆ ಇಟ್ಟುಕೊಂಡರು.

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ, ಮಾಸ್ತರ. ಆದ್ರ ಈ ಮಾಳಿಗಿ ಕೆಳಗ ನನ್ನ ಮಗಳನ್ನ ಇನ್ನೊಂದ ಮಳಿಗಾಲ ಇಡೂದಿಲ್ಲ."

ಅವ್ವನಿಗೆ ಅದು ನಾಟಿತು. ಅವರು ಹೋದ ಮೇಲೆ, "ನಲವತ್ತ ವರ್ಷ ನಾ ಇದರ ಕೆಳಗ ಉಸರಾಡೇನಿ, ನನಗೇನ ಆಗೇತಿ?" ಎಂದು ಕೇಳಿದಳು. ಒಳಗೆ ಹೋಗಿ ಸೊಸೆಯ ಹಾಸಿಗೆ ಕೊಡವಿ ಮಡಿಚಿಟ್ಟಳು, ಆ ಹಾಸಿಗೆಯಿಂದ ಎದ್ದ ಧೂಳನ್ನು ಬಹಳ ಹೊತ್ತು ನೋಡುತ್ತ ನಿಂತಳು.

ಮರುವರ್ಷ, ಆಗ ಸರ್ಕಾರದ ಅಂಕೆಯಲ್ಲಿದ್ದ ಸಿಮೆಂಟಿನ ಪರ್ಮಿಟ್ಟಿಗಾಗಿ ಓಡಾಡಿ ಓಡಾಡಿ ನನ್ನ ಚಪ್ಪಲಿ ಸವೆದವು. ಕಲ್ಲಿನ ಗೋಡೆ ಹಳೆಯವೇ, ಮೇಲಿನದಷ್ಟೇ ಹೊಸದು. ಬೈಲಹೊಂಗಲದಿಂದ ಗಾರೆ ಕೆಲಸದ ಗೌಂಡಿ ಹಜರತಸಾಬರು ಬಂದು ಹಳೆ ಮಾಳಿಗೆ ಬಿಚ್ಚಿದರು. ಸಲಿಕೆ ಬಿದ್ದಲ್ಲೆಲ್ಲ ಪದರು ಪದರಾಗಿ ಮಣ್ಣು, ಒಂದೊಂದು ಪದರು ಒಂದೊಂದು ವರ್ಷದ ಸವಳು. ಅವ್ವ ಅಂಗಳದಲ್ಲಿ ಕುಂತು ನೋಡಿದಳು. ಆ ಮಣ್ಣನ್ನು ತಿಪ್ಪೆಗೆ ಹಾಕಲು ಬಿಡಲಿಲ್ಲ. "ಮದರಬಿ ಮನಿ ಮಾಳಿಗಿಗೆ ಆಗತೈತಿ" ಎಂದು ಪಕ್ಕದ ಮನೆಗೆ ಕಳಿಸಿದಳು.

ಅಕ್ಷತ್ರಿಗಿಯ, ಅಂದರೆ ಅಕ್ಷಯ ತೃತೀಯದ, ದಿನ ಸ್ಲ್ಯಾಬು ಹಾಕಿದರು. ನಮ್ಮ ಓಣಿಗೆ ಅದೇ ಮೊದಲನೆಯದು. ಆ ದಿನಗಳಲ್ಲಿ ನಾನೂ ಅವ್ವನೂ ಹಿತ್ತಲಿನ ದನದ ಕೋಣೆಯಲ್ಲಿ ಇದ್ದೆವು. ಮರುದಿನ ಹಜರತಸಾಬರು ಸ್ಲ್ಯಾಬಿನ ಮೇಲೆ ಕಾಯಿಪಲ್ಲೆ ಮಡಿ ಮಾಡಿದ ಹಾಗೆ ಮಣ್ಣಿನ ಸಣ್ಣ ಸಣ್ಣ ಒಡ್ಡು ಕಟ್ಟಿ, ಅದರ ತುಂಬ ನೀರು ನಿಲ್ಲಿಸಿದರು. ನನ್ನನ್ನು ಕರೆದು, "ಮಾಸ್ತರ, ಇಪ್ಪತ್ತೊಂದ ದಿನ ಈ ನೀರ ಆರಬಾರದು. ನೀರ ಕುಡದಷ್ಟೂ ಸಿಮೆಂಟ ಗಟ್ಟಿ ಆಗತೈತಿ" ಎಂದು ಹೇಳಿ, ಸವದತ್ತಿಯಲ್ಲಿ ಒಂದು ಕೆಲಸ ಮುಗಿಸಿ ಬರುತ್ತೇನೆಂದು ಹೋದರು. ನಾನು ತಲೆ ಆಡಿಸಿದೆ. ಸಾಲೆಯಲ್ಲಿ ನೂರು ಹುಡುಗರಿಗೆ ಬಿಡಿಸಿ ಹೇಳುವ ಮನುಷ್ಯ, ಮನೆಯಲ್ಲಿದ್ದ ಒಬ್ಬ ಅವ್ವನಿಗೆ ಹೇಳಲಿಲ್ಲ. ಸಿಮೆಂಟಿನ ವಿಷಯ ಅವಳಿಗೇನು ತಿಳಿದೀತು ಎಂಬ ಸೊಕ್ಕು ಇತ್ತು, ಬೇರೆ ಏನೂ ಅಲ್ಲ.

ನಾಲ್ಕನೆಯ ದಿನ ನಸುಕಿನಲ್ಲೇ ನಾನು ಪರೀಕ್ಷೆಯ ಪೇಪರು ತಿದ್ದಲು ಕಿತ್ತೂರಿಗೆ ಹೋದೆ. ಅವ್ವ ಏನನ್ನೋ ಒಣಗಿಸಲು ಜಾಗ ನೋಡೋಣವೆಂದು ನಿಚ್ಚಣಿಕೆ ಏರಿದಳಂತೆ. ಏರಿ ನೋಡಿದರೆ ಮಾಳಿಗೆಯ ತುಂಬ ನೀರು.

ನಾನು ಸಂಜೆ ಬಂದಾಗ ಅವ್ವ ಸೀರೆಯ ಕಚ್ಚೆ ಹಾಕಿಕೊಂಡು, ಮೊಣಕಾಲಿನವರೆಗೆ ಕೆಸರಾಗಿ, ಕಟ್ಟೆಯ ಮೇಲೆ ದಣಿದು ಕೂತಿದ್ದಳು. ಪಕ್ಕದಲ್ಲಿ ಸಲಿಕೆ, ಕಸಬರಿಗೆ. ಮುಖದಲ್ಲಿ ಮಾತ್ರ ಬೆಳಕು.

"ನಿಮಗ ಯಾರಿಗೂ ಕಣ್ಣ ಕಾಣೂದಿಲ್ಲೇನ?" ಎಂದಳು. "ಮಾಳಿಗಿ ಮ್ಯಾಲ ಕೆರಿ ನಿಂತಿತ್ತು. ಯಾ ಶಾಣ್ಯಾ ಒಡ್ಡ ಕಟ್ಟಿದ್ನೋ ಏನೋ. ಮುಂಜಾನೆನ ಎಲ್ಲಾ ಒಡದು, ಒಂದ ಹನಿ ಉಳೀಲಾರದಂಗ ಬಳದ ತಗದೇನಿ. ಬಿಸಲಿಗೆ ಚಲೋ ಒಣಗೇತಿ ನೋಡ ಹೋಗ."

ನಾನು ಮೇಲೆ ಹೋಗಿ ನೋಡಿದೆ. ಮೇ ತಿಂಗಳ ಬಿಸಿಲು ಇಡೀ ದಿನ ಕುಡಿದು ಸ್ಲ್ಯಾಬು ಬೆಳ್ಳಗೆ ಬಿಳಿಚಿಕೊಂಡಿತ್ತು. ಕೈ ಇಟ್ಟರೆ ಸುಡುತ್ತಿತ್ತು. ನಡುಮನೆಯ ಮೇಲೆ ಬರುವ ಭಾಗದಲ್ಲಿ ಕೂದಲೆಳೆಯಂಥ ಒಂದು ಬಿರುಕು, ಎರಡು ಮೊಳ ಉದ್ದ.

ಕೆಳಗಿಳಿದು ಬಂದು ನಾನು ಆಡಿದ ಮಾತನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯಲೇಬೇಕು. "ನಿನ್ನ ಹಳೀ ಮಾಳಿಗಿ ಮಣ್ಣ ಅಕಿ ಎದಿ ತುಂಬಿತು. ಹೊಸಾದನ್ನೂ ನೀನ ಹಾಳ ಮಾಡಿದಿ. ಇನ್ನ ಅಕಿ ಕಟಕೋಳದಾಗ ಇರಲಿ, ನಾವಿಬ್ಬರೂ ಇಲ್ಲೇ ಮಣ್ಣ ತುಳಕೋಂತ ಕುಂಡ್ರೂಣು" ಎಂದೆ.

ಅವ್ವನ ಮುಖದ ಬೆಳಕು ಹೋಯಿತು. "ನೀರ ನಿಲ್ಲಸಬೇಕ ಅಂತ ನನಗ ಯಾರ ಹೇಳಿದ್ರಪಾ?" ಎಂದು ಮೆಲ್ಲಗೆ ಕೇಳಿದಳು. ಅದಕ್ಕಿದ್ದ ಉತ್ತರ ನನ್ನ ಮರ್ಯಾದೆ ತೆಗೆಯುವಂಥದ್ದು.

ಮರುದಿನ ಹಜರತಸಾಬರು ಬಂದರು. ಬಿರುಕಿನ ಮೇಲೆ ಬೆರಳಾಡಿಸಿದರು, ಗಡ್ಡ ತುರಿಸಿಕೊಂಡರು. ನಾನು ಅವ್ವನ ಮೇಲೆ ದೂರು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಅವ್ವಾರ, ತಪ್ಪ ನಂದು. ನಿಮ್ಮನ್ನ ಕೇಳದ ಈ ಓಣ್ಯಾಗ ಯಾರೂ ಮಾಳಿಗಿ ಮುಟ್ಟೂದಿಲ್ಲ, ನಾ ಹೇಳದ ಹೋದೆ. ನೋಡ್ರಿ, ಮಣ್ಣಿನ ಮಾಳಿಗಿಗೆ ನೀರ ವೈರಿ. ಸಿಮೆಂಟಿನ ಮಾಳಿಗಿಗೆ ಮೊದಲ ಇಪ್ಪತ್ತೊಂದ ದಿನ ನೀರ ಅಂದ್ರ ಹಸಗೂಸಿಗೆ ಮೊಲಿಹಾಲ ಇದ್ದಂಗ. ಕುಡದಷ್ಟೂ ಬೆಳೀತೈತಿ. ಆ ಮ್ಯಾಲ ಅದಕ್ಕ ನೀರಿನ ಅಂಜಿಕಿ ಇಲ್ಲ."

"ಒಂದ ದಿನ ಉಪಾಸ ಬಿದ್ದೈತೆಲ್ಲ ಕೂಸು" ಎಂದಳು ಅವ್ವ.

"ಬಿದ್ದೈತಿ. ಬಿರುಕಿಗೆ ಸಿಮೆಂಟಿನ ತಿಳಿ ಹಾಕಿ, ಮತ್ತ ಒಡ್ಡ ಕಟ್ಟತೇನಿ. ಇವತ್ತಿನಿಂದ ಮತ್ತ ಇಪ್ಪತ್ತೊಂದ ದಿನ. ಒಂದ ತಾಸೂ ಆರಬಾರದು. ಸೋರತೈತೋ ಇಲ್ಲೋ, ಮಳಿನ ಹೇಳಬೇಕು."

ಅಂದಿನಿಂದ ಅವ್ವ ನನ್ನ ಜೊತೆ ಮಾತು ಬಿಟ್ಟಳು. ಮೇ ತಿಂಗಳಲ್ಲಿ ಓಣಿಯ ಬಾವಿ ತಳ ಕಂಡಿತ್ತು, ಹಗ್ಗ ಪೂರಾ ಬಿಟ್ಟರೂ ಅರ್ಧ ಕೊಡ ನೀರು. ಅರವತ್ತು ದಾಟಿದವಳು ತಲೆ ಮೇಲೆ ಕೊಡ ಹೊತ್ತು, ಒಂದು ಕೈಯಲ್ಲಿ ನಿಚ್ಚಣಿಕೆ ಹಿಡಿದು ಏರುತ್ತಿದ್ದಳು. ನಾನು ಹೊರಲು ಹೋದರೆ ಕೊಡ ಕಸಿದುಕೊಳ್ಳುತ್ತಿದ್ದಳು. ಕೊನೆಗೆ ಸಿಟ್ಟಿಗೆದ್ದು ನಾನೂ ಒಂದು ಕೊಡ ತಂದು ನನ್ನ ಪಾಡಿಗೆ ಹೊತ್ತೆ. ಹೀಗೆ ಒಂದೇ ನಿಚ್ಚಣಿಕೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಹತ್ತಿ ಇಳಿದೆವು.

ಓಣಿಯ ಹೆಂಗಸರು ಮೊದಮೊದಲು ನಕ್ಕರು. ಜೀವನವಿಡೀ ಮಾಳಿಗೆಯಿಂದ ನೀರು ದಬ್ಬಿದ ಗುರುಬಸವ್ವ ಈಗ ಮಾಳಿಗೆಗೆ ನೀರು ಹೊರುತ್ತಾಳೆ ಎಂದರೆ ನಗು ಬರದಿದ್ದೀತೆ. ನಾಲ್ಕನೆಯ ದಿನ ಮದರಬಿ ತನ್ನ ಮನೆಗೆಂದು ಸೇದಿದ ಕೊಡವನ್ನು ತಂದು ನಮ್ಮ ನಿಚ್ಚಣಿಕೆಯ ಬುಡದಲ್ಲಿ ಇಟ್ಟಳು.

"ನಮ್ಮ ಒಲಿ ಮ್ಯಾಲ ಸೋರೂದನ್ನ ನೀ ನಿಲ್ಲಿಸಿದಿ, ಗುರುಬಸಕ್ಕ. ಇದೊಂದ ಕೊಡ ಹಾಕ" ಎಂದಳು.

ಆಮೇಲೆ ಬಾವಿಗೆ ಬಂದವರೆಲ್ಲ ಮನೆಗೆ ಹೋಗುವ ಮೊದಲು ಒಂದು ಕೊಡ ಇಟ್ಟು ಹೋಗತೊಡಗಿದರು. ಯಾವ ಕೊಡ ಯಾರ ಮಾಳಿಗೆಯ ಸಲುವಾಗಿ ಬಂತು ಎಂಬುದು ಅವ್ವನಿಗೆ ಗೊತ್ತಿತ್ತು. ನೀರು ಸುರಿಯುವಾಗ ಅವರ ಹೆಸರು ಹಿಡಿದು, "ಬಾಯವ್ವನ ಮನಿ ತಣ್ಣಗಿರಲಿ, ಶಟ್ಟೆವ್ವನ ಮನಿ ತಣ್ಣಗಿರಲಿ" ಎನ್ನುತ್ತಿದ್ದಳು. ಸಂಜೆ ಹೊತ್ತು ಒಡ್ಡಿನ ಪಕ್ಕ ಕೂತು ಆ ಬಿರುಕಿದ್ದ ಜಾಗವನ್ನು ಅಂಗೈಯಿಂದ ಒದ್ದೆ ಮಾಡುತ್ತಿದ್ದಳು. ನಾನು ಕೆಳಗೆ ನಿಂತು ನೋಡುತ್ತಿದ್ದೆ. ಒಂದು ಸಲವೂ ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ.

ಇಪ್ಪತ್ತೊಂದು ದಿನ ಮುಗಿದವು. ಸ್ಲ್ಯಾಬಿಗೆ ಕೆಳಗಿನಿಂದ ಆಸರೆ ಕೊಟ್ಟಿದ್ದ ಹಲಗೆ ಬಿಚ್ಚಿದರು. ಒಳಗೆ ಸಿಮೆಂಟು ಬಳಿಯುವ ಗಿಲಾವು ಇನ್ನೂ ಆಗಿರಲಿಲ್ಲ, ಆದರೆ ಮಿರಗಾ ಹತ್ತಿರ ಬಂದಿತ್ತು. ಹಾಲು ಉಕ್ಕಿಸಿ ಒಳಗೆ ಹೋದೆವು. ಸೋಮಪ್ಪ ಮಾವ ಮಗಳನ್ನು ಕರೆತಂದರು. ಟ್ರಂಕನ್ನು ಬಾಗಿಲ ಪಕ್ಕದಲ್ಲೇ ಇಟ್ಟರು.

"ಇದನ್ನ ಬಿಚ್ಚಬ್ಯಾಡ, ತಂಗೆವ್ವ" ಎಂದರು. ನನ್ನ ಕಡೆ ತಿರುಗಿ, "ಮಳಿ ಚಲೋ ಹತ್ತಿದ ಮ್ಯಾಲ ಬರತೇನಿ. ಒಂದ ಹನಿ ಸೋರಿತಂದ್ರ ಮಗಳನ್ನೂ ಟ್ರಂಕನ್ನೂ ಒಯ್ಯತೇನಿ. ಆ ಮ್ಯಾಲ ಕರಿಯಾಕ ಬರಬ್ಯಾಡ್ರಿ" ಎಂದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ. ನನ್ನ ಮಗಳಾಗಿದ್ದರೆ ನಾನು ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ.

ಹೊಸ ಮನೆಯಲ್ಲಿ ಮೊದಲ ವಾರ ತಂಗೆವ್ವ ಒಂದೊಂದೇ ಕಂಡುಹಿಡಿದಳು. ಹಾಲಿನ ಪಾತ್ರೆಯನ್ನು ಮುಚ್ಚದೆ ಇಟ್ಟರೂ ಅದರಲ್ಲಿ ಮಣ್ಣಿಲ್ಲ. ರೊಟ್ಟಿ ಕಡಿದರೆ ಹಲ್ಲಿಗೆ ಉಸುಕಿಲ್ಲ. ಮಲಗಿದಲ್ಲಿಂದ ಮೇಲೆ ನೋಡಿದರೆ ಚೇಳು ಬೀಳುವ ಹೆದರಿಕೆ ಇಲ್ಲ. ಒಂದು ಬೆಳಿಗ್ಗೆ ಅವಳು ಮನೆಯೆಲ್ಲ ಗುಡಿಸಿ ಮುಗಿಸಿ, ಮೊರದಲ್ಲಿ ಬಿದ್ದ ಎರಡೇ ಎರಡು ಚಿಟಿಕೆ ಕಸವನ್ನು ನನಗೆ ತಂದು ತೋರಿಸಿದಳು. "ಇಷ್ಟ ನೋಡ್ರಿ. ಗುಡಿಸಿದ ಮ್ಯಾಲ ಕೆಮ್ಮ ಬರಲಿಲ್ಲ" ಎಂದಳು. ಕೆಮ್ಮಿಲ್ಲದೆ ಅಷ್ಟು ಉದ್ದ ಮಾತನ್ನು ಅವಳು ಆಡಿದ್ದು ಕೇಳಿ ಬಹಳ ದಿನವಾಗಿತ್ತು. ಮಧ್ಯಾಹ್ನ ಸ್ಲ್ಯಾಬು ಬಿಸಿಲಿಗೆ ಕಾಯುತ್ತಿತ್ತು, ಅದು ನಿಜ. ಬಾಗಿಲು ಕಿಟಕಿ ತೆರೆದಿಟ್ಟು ಸಂಜೆ ಮೇಲೆ ಹೋಗಿ ಗಾಳಿಗೆ ಕೂತರೆ ಅದನ್ನೂ ಮರೆಯುತ್ತಿದ್ದೆವು.

ಅವ್ವ ಮಾತ್ರ ತಲೆ ಎತ್ತಿ ನೋಡುತ್ತಲೇ ಇದ್ದಳು. ನೋಡಲು ಅಲ್ಲಿ ಜಂತಿ ಇಲ್ಲ, ಸಂದಿ ಇಲ್ಲ. ನಡುಮನೆಯ ಮೇಲೆ, ಸಿಮೆಂಟಿನ ತಿಳಿ ಇಳಿದು ಮೂಡಿದ ಆ ಬಿರುಕಿನ ಮಸುಕಾದ ಗೆರೆ ಒಂದೇ. ಮಿರಗಾ ಹನಿ ಉದುರಿಸಿ ಹೋಯಿತು, ಲೆಕ್ಕಕ್ಕಿಲ್ಲ. ಅದರ ಮುಂದಿನ ಮಳೆ ಆರಿದ್ರಾ ಕೂಡುವ ದಿನ ಅವಳು ಹನ್ನೊಂದು ಪಾತ್ರೆಗಳನ್ನು ಹೊರಗೆ ತೆಗೆದಳು. ತೆಗೆದು ಮನೆ ನಡುವೆ ನಿಂತುಬಿಟ್ಟಳು. ಎಲ್ಲಿ ಇಡಬೇಕೆಂದು ಅವಳಿಗೆ ತಿಳಿಯಲಿಲ್ಲ.

"ಯಾ ಮನಿಯಾಗೂ ನನಗ ಹಿಂಗ ಆಗಿರಲಿಲ್ಲವಾ" ಎಂದು ಸೊಸೆಗೆ ಹೇಳಿದಳು. ಕೊನೆಗೆ ಹನ್ನೊಂದನ್ನೂ ಆ ಗೆರೆಯ ಕೆಳಗೆ ಸಾಲಾಗಿ ಜೋಡಿಸಿದಳು.

ಅಂದು ಮಧ್ಯಾಹ್ನ ನಾಲ್ಕನೆಯ ಇಯತ್ತೆಗೆ ಗಣಿತ ಹೇಳುತ್ತಿದ್ದೆ. ಸಂಗೊಳ್ಳಿಯ ಕಡೆಯಿಂದ ಕಪ್ಪಗೆ ಮೋಡ ಎದ್ದು ಬಂತು. ಹಿಂದೆಯೇ ಮಳೆ, ಸಾಲೆಯ ಹೆಂಚಿನ ಮೇಲೆ ಅದರ ಸಪ್ಪಳಕ್ಕೆ ನನ್ನ ಮಾತು ನನಗೇ ಕೇಳಿಸದು. ನನ್ನ ಕಣ್ಣ ಮುಂದೆ ಆ ಗೆರೆ ಬಂತು, ಬಾಗಿಲ ಪಕ್ಕದ ಟ್ರಂಕು ಬಂತು. ಹೆಡ್ ಮಾಸ್ತರರಿಗೆ ಏನೋ ಒಂದು ಹೇಳಿ ಓಡಿದೆ. ಕೊಡೆ ಮರೆತೆ. ಓಣಿಯಲ್ಲಿ ನೀರು ಪಾದ ಮುಳುಗುವಷ್ಟು ಹರಿಯುತ್ತಿತ್ತು. ಮದರಬಿಯ ಮಾಳಿಗೆಯ ಮೇಲೆ ಅವಳ ಮಗಳು ಗೋಣಿ ಹೊದ್ದು ಮಣ್ಣು ತುಳಿಯುತ್ತಿದ್ದಳು. ನಮ್ಮ ಮಾಳಿಗೆಯ ಮೇಲೆ ಯಾರೂ ಇರಲಿಲ್ಲ. ಮಳೆಯಲ್ಲಿ ಅವ್ವ ಮಾಳಿಗೆಯ ಮೇಲೆ ಇಲ್ಲ ಎಂದರೆ ಕೆಳಗೆ ಏನೋ ಆಗಿರಬೇಕು.

ಬಾಗಿಲು ದೂಡಿ ಒಳಗೆ ಹೋದೆ. ಹೊರಗಿನ ಸಪ್ಪಳ ಹೊರಗೇ ನಿಂತಿತು. ಒಳಗೆ ಎಷ್ಟು ಶಾಂತವಾಗಿತ್ತೆಂದರೆ ನನ್ನ ಏದುಸಿರು ನನಗೆ ದೊಡ್ಡದಾಗಿ ಕೇಳಿಸಿತು. ಚಾಪೆಯ ಮೇಲೆ ತಂಗೆವ್ವ ಮಲಗಿದ್ದಳು. ನಾನು ಮೊದಲು ನೋಡಿದ್ದು ಅವಳ ಉಗುರು. ಆಮೇಲೆ ಎದೆ. ಸೀಟಿ ಇಲ್ಲ, ಎಳೆತ ಇಲ್ಲ, ಎಲ್ಲರ ಹಾಗೆ ಏರುತ್ತ ಇಳಿಯುತ್ತ ಇತ್ತು. ಅವಳ ಪಕ್ಕದಲ್ಲಿ ಹನ್ನೊಂದು ಪಾತ್ರೆಗಳ ಸಾಲು. ಒಂದೊಂದರ ಒಳಗೂ ಬಗ್ಗಿ ನೋಡಿದೆ. ಎಲ್ಲ ಒಣ. ಸಾಲಿನ ಕೊನೆಯಲ್ಲಿ ನಮ್ಮ ಅವ್ವ, ಗೆರೆಯನ್ನು ಕಾಯಲು ಗೋಡೆಗೆ ಆತು ಕೂತವಳು, ಬಾಯಿ ತೆರೆದು ನಿದ್ದೆ ಹೋಗಿದ್ದಳು. ಹೊರಗೆ ಧೋ ಎಂದು ಮಳೆ ಬೀಳುತ್ತಿತ್ತು.

ಟಪ್ ಟಪ್ ಎಂಬ ಸಪ್ಪಳಕ್ಕೆ ಅವ್ವ ದಡಕ್ಕನೆ ಕಣ್ಣು ಬಿಟ್ಟಳು. ನಲವತ್ತು ವರ್ಷದಿಂದ ಆ ಸಪ್ಪಳ ಅವಳ ಕಿವಿಯಲ್ಲಿ ಕೂತಿತ್ತು. ಮೊದಲು ಮೇಲೆ ನೋಡಿದಳು, ಆಮೇಲೆ ಪಾತ್ರೆ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನನ್ನ ಧೋತರದಿಂದ, ಟೊಪ್ಪಿಗೆಯಿಂದ ನೀರು ಇಳಿದು ನೆಲದ ಮೇಲೆ ಹರಿಯುತ್ತಿತ್ತು.

ತಿಂಗಳ ಮೇಲಾಗಿತ್ತು ಅವ್ವ ನನ್ನ ಜೊತೆ ಮಾತಾಡಿ.

"ಮನಿ ಸೋರಲಿಲ್ಲೋ ಶಂಕರೆಪ್ಪ" ಎಂದಳು. "ನೀನ ಸೋರಾಕ ಹತ್ತೀದಿ." ಸಾಲಿನಿಂದ ಪರಾತವನ್ನು ತೆಗೆದು ನನ್ನ ಕಾಲಿನ ಮುಂದೆ ಸರಿಸಿದಳು. "ಇದರಾಗ ನಿಂದರ."

ನಾನು ಪರಾತದಲ್ಲಿ ನಿಂತೆ. ನಿಂತ ಮೇಲೆ ಹೇಗೋ ಬಾಯಿ ಬಂತು. "ಯವ್ವಾ, ಆವತ್ತ ನಾ ಅಂದ ಮಾತ..." ಎಂದೆ. "ಮೊದಲ ತಲಿ ಒರಸಕೋ" ಎಂದು ತನ್ನ ಸೆರಗನ್ನೇ ಕೊಟ್ಟಳು. ತಲೆ ಒರೆಸಿಕೊಳ್ಳುವ ನೆವದಲ್ಲಿ ಕಣ್ಣನ್ನೂ ಒರೆಸಿಕೊಂಡೆ.

ನಮ್ಮ ಮಾತಿಗೆ ತಂಗೆವ್ವ ಎದ್ದಳು. ಪರಾತದಲ್ಲಿ ನಿಂತ ಗಂಡನನ್ನು ನೋಡಿ ಅವಳಿಗೆ ಏನೂ ಅರ್ಥವಾಗಲಿಲ್ಲ. "ಮಳಿ ಬಂತೇನ್ರಿ?" ಎಂದು ಕೇಳಿದಳು. ಮೋಡಕ್ಕಿಂತ ಮೊದಲು ಮಳೆಯನ್ನು ತಿಳಿಯುತ್ತಿದ್ದವಳು ಹಾಗೆ ಕೇಳಿದಳು. ಅವ್ವ ಸೊಸೆಯ ಎದೆಯ ಮೇಲೆ ಅಂಗೈ ಇಟ್ಟು, ಸ್ಲ್ಯಾಬಿನ ಬಿರುಕನ್ನು ನೋಡಿದ ಹಾಗೆಯೇ ಬಹಳ ಹೊತ್ತು ನೋಡಿದಳು. ಆಮೇಲೆ ಓಣಿಯ ಕಡೆ ಮುಖ ಮಾಡಿ ಕೈ ಮುಗಿದಳು.

ಆರಿದ್ರಾ ಎಂಟು ದಿನ ಬಿಡದೆ ಹೊಡೆಯಿತು. ಒಂಬತ್ತನೆಯ ದಿನ ಸೋಮಪ್ಪ ಮಾವ ಕೊಡೆ ಹಿಡಿದು ಬಂದರು. ಬಾಗಿಲಲ್ಲೇ ನಿಂತು ಮೇಲೆ ನೋಡಿದರು. ಮಧ್ಯೆ ಆ ಗೆರೆ ಕಂಡಿತು. ಸಿಮೆಂಟಿನ ಗೆರೆ ಯಾವುದು, ಸೋರಿದ ಗೆರೆ ಯಾವುದು ಎಂದು ಕಟಕೋಳದ ಹಾಸುಗಲ್ಲಿನ ಮನೆಯವರಿಗೆ ತಿಳಿಯುವುದಾದರೂ ಹೇಗೆ? ಮುಖ ಗಂಟಿಕ್ಕಿಕೊಂಡು, ಆಡಿದ ಮಾತಿನಂತೆ ಬಗ್ಗಿ ಟ್ರಂಕಿನ ಹಿಡಿಕೆ ಹಿಡಿದು ಎತ್ತಿದರು.

ಟ್ರಂಕು ಢಣ ಢಣ ಎಂದಿತು. ಅವರು ಬೆಚ್ಚಿ ಕೆಳಗಿಟ್ಟು ಮುಚ್ಚಳ ತೆರೆದರು. ಒಳಗೆ ಒಂದು ಸೀರೆಯೂ ಇರಲಿಲ್ಲ. ಎರಡು ಬೋಗುಣಿ, ಪರಾತ, ತಪೇಲಿ, ಗಂಗಾಳ, ಎಲ್ಲ ಹನ್ನೊಂದೂ ಒಂದರೊಳಗೊಂದು ಒತ್ತಾಗಿ ಕೂತಿದ್ದವು.

ಅವ್ವ ಒಲೆಯ ಮುಂದಿನಿಂದ ತಲೆ ಎತ್ತದೆ, "ಒಯ್ಯೂದಾದ್ರ ಒಯ್ಯಿರಿ, ಬೀಗರ" ಎಂದಳು. "ಅವು ಇನ್ನ ನಮ್ಮ ಮನಿಯಾಗ ಬೇಕಾಗೂದಿಲ್ಲ. ತಂಗೆವ್ವನ ಸೀರಿ ಗೂಟಕ್ಕ ಅದಾವು."